ಮರಳು, ಮಣ್ಣು, ಕಲ್ಲುದಾರಿಗೆ ಒಗ್ಗುವ ಗಾಲಿಕುರ್ಚಿ

ಕಡಲತೀರಕ್ಕೆ ಪ್ರವಾಸ ಹೊರಟ ಕುಟುಂಬದಲ್ಲಿ ಗಾಲಿಕುರ್ಚಿ ಬಳಸುವವರು ಒಬ್ಬರಿದ್ದರೆ, ಅವರ ಪಾಲಿನ ಪ್ರವಾಸ ಸಾಮಾನ್ಯವಾಗಿ ವಾಹನ ನಿಲುಗಡೆಯ ಅಂಚಿನಲ್ಲಿಯೇ ಮುಕ್ತಾಯವಾಗುತ್ತದೆ. ಸಿಮೆಂಟಿನ ನೆಲ ಮುಗಿದು ಮರಳು ಆರಂಭವಾಗುವ ಕಡೆ ಕುರ್ಚಿಯ ಮುಂದಿನ ಎರಡು ಸಣ್ಣ ಗಾಲಿಗಳು ಹೂತುಕೊಳ್ಳುತ್ತವೆ. ಹಿಂದಿನಿಂದ ಎಷ್ಟು ನೂಕಿದರೂ ಕುರ್ಚಿ ಸರಿಯುವುದಿಲ್ಲ. ಇನ್ನೂ ಬಲ ಹಾಕಿದರೆ ಕುಳಿತವರು ಮುಂದಕ್ಕೆ ಮುಗ್ಗರಿಸುವ ಅಪಾಯವಿದೆ. ಉಳಿದವರು ನೀರಿಗಿಳಿದಾಗ ಅವರು ಕಾರಿನಲ್ಲಿ ಕುಳಿತು ಎಲ್ಲರ ಚೀಲ, ಚಪ್ಪಲಿಗಳನ್ನು ಕಾಯುತ್ತಾರೆ. ಹಂಪಿಯ ಕಲ್ಲುಹಾಸಿನ ಮೇಲಾಗಲಿ, ಲಾಲ್‌ಬಾಗಿನ ಬಂಡೆಯ ಬುಡದಲ್ಲಾಗಲಿ, ಮಲೆನಾಡಿನ ತೋಟದ ದಾರಿಯಲ್ಲಾಗಲಿ ಆಗುವುದು ಇದೇ. ಹಳ್ಳಿಯಲ್ಲಿ ಇದು ವಿಹಾರದ ಪ್ರಶ್ನೆಯಾಗಿಯೂ ಉಳಿಯುವುದಿಲ್ಲ. ಮನೆಯ ಜಗಲಿಯಿಂದ ಹೊಲದ ಬದುವಿನವರೆಗೆ ಹೋಗಲಾಗದವನಿಗೆ ಜಮೀನಿದ್ದೂ ಇಲ್ಲದಂತೆಯೇ.

ಇಂತಹ ನೆಲದ ಮೇಲೂ ಚಲಿಸುವಂತೆ ರೂಪಿಸಿದ ಗಾಲಿಕುರ್ಚಿಗಳಿಗೆ ಇಂಗ್ಲಿಷಿನಲ್ಲಿ ‘ಆಲ್ ಟೆರೇನ್ ವೀಲ್‌ಚೇರ್’ ಎಂದು ಹೆಸರು. ವಿದೇಶಗಳಲ್ಲಿ ಇದು ಈಗಾಗಲೇ ಒಂದು ಪ್ರತ್ಯೇಕ ಉದ್ಯಮವಾಗಿ ಬೆಳೆದಿದೆ. ಭಾರತದಲ್ಲಿ ಕೆಲವೇ ತಯಾರಕರು ಈ ಕ್ಷೇತ್ರಕ್ಕೆ ಕಾಲಿಟ್ಟಿದ್ದಾರೆ. 2011 ರ ಜನಗಣತಿಯ ಪ್ರಕಾರ ದೇಶದಲ್ಲಿ 2.68 ಕೋಟಿ ವಿಕಲಚೇತನರಿದ್ದು, ಅವರಲ್ಲಿ ಚಲನೆಯ ತೊಂದರೆ ಇರುವವರು ಸುಮಾರು 54 ಲಕ್ಷ. ಕರ್ನಾಟಕದಲ್ಲಿ ಒಟ್ಟು ವಿಕಲಚೇತನರ ಸಂಖ್ಯೆ 13.24 ಲಕ್ಷ. ಮಂಡಿನೋವು, ಪಾರ್ಶ್ವವಾಯು, ವಯೋಸಹಜ ದೌರ್ಬಲ್ಯಗಳಿಂದ ನಡಿಗೆ ಕಳೆದುಕೊಂಡ ಹಿರಿಯ ನಾಗರಿಕರಲ್ಲಿ ಹಲವರು ಈ ಲೆಕ್ಕದಲ್ಲಿ ಸೇರಿರುವುದಿಲ್ಲ. ಕೊಳ್ಳುವವರು ಇಲ್ಲವೆಂಬುದು ಈ ಉದ್ಯಮದ ತೊಡಕಲ್ಲ. ಕೊಳ್ಳುವ ಬೆಲೆಗೆ, ದುರಸ್ತಿ ಮಾಡಿಸಿಕೊಳ್ಳಬಹುದಾದ ಸರಕು ಅಂಗಡಿಯಲ್ಲಿಲ್ಲ ಎಂಬುದೇ ತೊಡಕು.

ಆಸ್ಪತ್ರೆಯ ಕುರ್ಚಿ ಏಕೆ ಹೂತುಕೊಳ್ಳುತ್ತದೆ?

ಔಷಧದ ಅಂಗಡಿಗಳಲ್ಲಿ ಮತ್ತು ಶಸ್ತ್ರಚಿಕಿತ್ಸಾ ಸಾಮಗ್ರಿಗಳ ಮಳಿಗೆಗಳಲ್ಲಿ ಇಂದಿಗೂ ಹೆಚ್ಚಾಗಿ ಮಾರಾಟವಾಗುವ ಮಡಚುವ ಗಾಲಿಕುರ್ಚಿಯ ಮೂಲ ವಿನ್ಯಾಸ 1933 ರದು. ಗಣಿ ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟಾಗಿದ್ದ ಅಮೆರಿಕದ ಹರ್ಬರ್ಟ್ ಎವರೆಸ್ಟ್ ಹಾಗೂ ಅವರ ಸ್ನೇಹಿತ, ಎಂಜಿನಿಯರ್ ಹ್ಯಾರಿ ಜೆನ್ನಿಂಗ್ಸ್ ಸೇರಿ ಉಕ್ಕಿನ ಕೊಳವೆಗಳನ್ನು ಕತ್ತರಿಯಾಕಾರದಲ್ಲಿ ಜೋಡಿಸಿ, ಮಡಚಿ ಕಾರಿನಲ್ಲಿ ಇಡಬಹುದಾದ ಕುರ್ಚಿಯನ್ನು ರೂಪಿಸಿದರು. ಉದ್ದೇಶ ಕಾರಿನಲ್ಲಿ ಒಯ್ಯುವುದು. ಓಡಾಟ ನಯವಾದ ನೆಲದ ಮೇಲೆ. ಆ ಎರಡು ಗುರಿಗಳನ್ನು ಅದು ಚೆನ್ನಾಗಿಯೇ ಪೂರೈಸಿತು. ಹಿಂದೆ 24 ಅಂಗುಲದ ಎರಡು ದೊಡ್ಡ ಚಕ್ರಗಳು, ಮುಂದೆ 8 ಅಂಗುಲದ ಅಥವಾ ಅದಕ್ಕಿಂತ ಚಿಕ್ಕದಾದ, ಸುತ್ತಲೂ ತಿರುಗುವ ಎರಡು ಗಾಲಿಗಳು ಎಂಬ ಏರ್ಪಾಟು ಇಂದಿಗೂ ಹಾಗೆಯೇ ಉಳಿದಿದೆ. ಆಸ್ಪತ್ರೆಯ ಪಡಸಾಲೆಗೆಂದು ಒಗ್ಗಿದ ವಸ್ತುವನ್ನು ಗದ್ದೆಯ ಬದುವಿನ ಮೇಲೆ ಓಡಿಸಲು ಹೊರಟರೆ ದೋಷ ವಸ್ತುವಿನದಲ್ಲ.

ತೊಂದರೆಯ ಮೂಲ ಎರಡು. ಮೊದಲನೆಯದು ನೆಲದ ಮೇಲೆ ಬೀಳುವ ಒತ್ತಡ. ಗಾಳಿ ತುಂಬಿದ ಟೈರು ನೆಲವನ್ನು ಒತ್ತುವ ಪ್ರಮಾಣ ಸ್ಥೂಲವಾಗಿ ಅದರೊಳಗಿನ ಗಾಳಿಯ ಒತ್ತಡಕ್ಕೆ ಸಮ. ಕುರ್ಚಿ ಮತ್ತು ಕುಳಿತವರ ಒಟ್ಟು ತೂಕ 100 ಕಿಲೋ ಎಂದುಕೊಳ್ಳೋಣ. ಟೈರಿನ ಒತ್ತಡ 60 ಪಿಎಸ್‌ಐ, ಅಂದರೆ ಚದರ ಸೆಂಟಿಮೀಟರಿಗೆ ಸುಮಾರು 4.2 ಕಿಲೋ ಇದ್ದರೆ, ಆ ಭಾರವನ್ನು ಹೊರಲು ನೆಲಕ್ಕೆ ತಾಗುವ ಒಟ್ಟು ಜಾಗ 24 ಚದರ ಸೆಂಟಿಮೀಟರ್ ಮಾತ್ರ. ಮರಳು ಇಷ್ಟು ಒತ್ತಡವನ್ನು ತಡೆಯಲಾರದು. ಅದೇ ಭಾರವನ್ನು 3 ಪಿಎಸ್‌ಐ ಒತ್ತಡದ ಬಲೂನು ಟೈರುಗಳ ಮೇಲೆ ಹೊರಿಸಿದರೆ ತಾಗುವ ಜಾಗ 475 ಚದರ ಸೆಂಟಿಮೀಟರಿಗೆ ಏರುತ್ತದೆ. ಬರಿಗಾಲಿನಲ್ಲಿ ಎರಡೂ ಪಾದ ಊರಿ ನಿಂತವರು ನೆಲವನ್ನು ಒತ್ತುವುದು ಹೆಚ್ಚು ಕಡಿಮೆ ಇಷ್ಟೇ. ಮನುಷ್ಯನ ಪಾದ ಎಲ್ಲಿ ಹೂತುಕೊಳ್ಳುವುದಿಲ್ಲವೋ ಅಲ್ಲಿ ಇಂತಹ ಟೈರೂ ಹೂತುಕೊಳ್ಳುವುದಿಲ್ಲ. ಸಾಮಾನ್ಯ ಕುರ್ಚಿಯ ಮುಂದಿನ ಗಾಲಿಗಳಿಗೆ ಬಹುಪಾಲು ಗಾಳಿಯೇ ಇರುವುದಿಲ್ಲ. ಗಟ್ಟಿ ರಬ್ಬರು ಅಥವಾ ಪ್ಲಾಸ್ಟಿಕ್ಕಿನ ಆ ಕಿರಿದಾದ ಗಾಲಿಗಳು ಮರಳಿನಲ್ಲಿ ನೇಗಿಲಿನಂತೆ ಇಳಿಯುತ್ತವೆ.

ಎರಡನೆಯದು ಗಾಲಿಯ ಗಾತ್ರ. ಎದುರಾದ ಕಲ್ಲನ್ನು ಹತ್ತಬೇಕಾದರೆ ಗಾಲಿಯ ಅಚ್ಚಿನ ಮೇಲೆ ಅಡ್ಡಲಾಗಿ ಎಷ್ಟು ಬಲ ಬೀಳಬೇಕು ಎಂಬುದು ಗಾಲಿಯ ತ್ರಿಜ್ಯ ಮತ್ತು ಕಲ್ಲಿನ ಎತ್ತರವನ್ನು ಅವಲಂಬಿಸಿದೆ. 5 ಸೆಂಟಿಮೀಟರ್ ಎತ್ತರದ ಕಲ್ಲನ್ನು 8 ಅಂಗುಲದ ಗಾಲಿ ಹತ್ತಲು ಅದರ ಮೇಲಿರುವ ಭಾರದ ಸುಮಾರು 1.7 ಪಟ್ಟು ಬಲ ಬೇಕು. 12 ಅಂಗುಲದ ಗಾಲಿಗೆ ಇದು 1.1 ಪಟ್ಟು, 24 ಅಂಗುಲದ ಚಕ್ರಕ್ಕೆ ಮೂರನೇ ಎರಡು ಭಾಗ ಸಾಕು. ಎತ್ತಿನ ಗಾಡಿಯ ಚಕ್ರ ಆಳೆತ್ತರ ಇರುತ್ತಿದ್ದುದು ಅಲಂಕಾರಕ್ಕಲ್ಲ ಎಂಬುದನ್ನು ಬಡಗಿಗಳು ಈ ಲೆಕ್ಕವಿಲ್ಲದೆಯೇ ಬಲ್ಲವರಾಗಿದ್ದರು.

ಈ ಎರಡು ಅಂಶಗಳನ್ನು ತಿಳಿದುಕೊಂಡರೆ ಮಾರುಕಟ್ಟೆಯಲ್ಲಿರುವ ಬಗೆಬಗೆಯ ಕುರ್ಚಿಗಳ ಹಿಂದಿನ ತರ್ಕ ತಾನಾಗಿ ಸ್ಪಷ್ಟವಾಗುತ್ತದೆ.

ಬಗೆಗಳು

ಅತ್ಯಂತ ಸರಳವಾದುದು ಕಡಲತೀರದ ಕುರ್ಚಿ. ತುಕ್ಕು ಹಿಡಿಯದ ಅಲ್ಯೂಮಿನಿಯಂ, ಸ್ಟೇನ್‌ಲೆಸ್ ಸ್ಟೀಲ್ ಅಥವಾ ಪಿವಿಸಿ ಕೊಳವೆಗಳ ಚೌಕಟ್ಟು, ದಪ್ಪನೆಯ ಬಲೂನು ಟೈರುಗಳು, ನೀರು ಸೋರಿಹೋಗುವ ಬಲೆಯ ಆಸನ. ಯಂತ್ರವೆಂಬುದೇ ಇಲ್ಲ, ಮತ್ತೊಬ್ಬರು ನೂಕಬೇಕು ಇಲ್ಲವೆ ಎಳೆಯಬೇಕು. ಇನ್ನೊಂದು ಬಗೆಯಲ್ಲಿ ಹೊಸ ಕುರ್ಚಿಯೇ ಬೇಕಿಲ್ಲ. ಬಳಕೆಯಲ್ಲಿರುವ ಕುರ್ಚಿಯ ಪಾದದ ಹಲಗೆಗೆ ಮುಂಗಡೆಯಿಂದ ಒಂದು ದೊಡ್ಡ ಗಾಲಿಯನ್ನು ಬಿಗಿಯಲಾಗುತ್ತದೆ. ಅದು ಬಿಗಿಯುತ್ತಿದ್ದಂತೆ ಎರಡು ಸಣ್ಣ ಗಾಲಿಗಳು ನೆಲದಿಂದ ಮೇಲೇಳುತ್ತವೆ; ನಾಲ್ಕು ಗಾಲಿಯ ಕುರ್ಚಿ ಮೂರು ಗಾಲಿಯದಾಗುತ್ತದೆ. ಅಮೆರಿಕದ ‘ಫ್ರೀವೀಲ್’ ಈ ಬಗೆಯ ಪ್ರಸಿದ್ಧ ಜೋಡಣೆ. ಆದರೆ ಪಾದದ ಹಲಗೆ ಗಟ್ಟಿಯಾಗಿ ಚೌಕಟ್ಟಿಗೆ ಸೇರಿರುವ ಕುರ್ಚಿಗೆ ಇದು ಒಪ್ಪುವಷ್ಟು ಸುಲಭವಾಗಿ, ಪಾದದ ಹಲಗೆ ಎರಡು ಹೋಳಾಗಿ ಮಡಚಿಕೊಳ್ಳುವ ಆಸ್ಪತ್ರೆಯ ಕುರ್ಚಿಗೆ ಒಪ್ಪುವುದಿಲ್ಲ. ಸಣ್ಣ ಕಾರ್ಖಾನೆಯವರು ಇಂತಹ ಬಿಡಿ ಜೋಡಣೆಯಿಂದ ಆರಂಭಿಸುವುದು ವಿವೇಕಯುತ. ಪೇಟೆಂಟ್ ಹಕ್ಕುಗಳನ್ನು ಮಾತ್ರ ಮೊದಲೇ ಪರಿಶೀಲಿಸಿಕೊಳ್ಳಬೇಕು.

ಫ್ರಾನ್ಸಿನಲ್ಲಿ 1987 ರಲ್ಲಿ ಹುಟ್ಟಿದ ‘ಜೋಯೆಲೆಟ್’ ಇವೆಲ್ಲಕ್ಕಿಂತ ಭಿನ್ನ. ಪರ್ವತ ಮಾರ್ಗದರ್ಶಿಯಾಗಿದ್ದ ಜೋಯೆಲ್ ಕ್ಲೋಡೆಲ್ ಸ್ನಾಯುಕ್ಷಯದಿಂದ ಬಳಲುತ್ತಿದ್ದ ತಮ್ಮ ಸೋದರಳಿಯನನ್ನು ಬೆಟ್ಟಕ್ಕೆ ಕರೆದೊಯ್ಯಲು ಇದನ್ನು ತಯಾರಿಸಿದರು. ಆಸನದ ಕೆಳಗೆ ಒಂದೇ ಚಕ್ರ, ಮುಂದೊಂದು ಹಿಂದೊಂದು ಹಿಡಿಕೆ, ಇಬ್ಬರು ಸಹಾಯಕರು. ಭಾರವನ್ನು ಚಕ್ರ ಹೊರುತ್ತದೆ, ಸಮತೋಲವನ್ನು ಮನುಷ್ಯರು ನೋಡಿಕೊಳ್ಳುತ್ತಾರೆ. ಕಾಲುದಾರಿಯಷ್ಟೇ ಅಗಲವಿರುವ ಕಡೆ ಬೇರಾವ ಕುರ್ಚಿಯೂ ಹೋಗಲಾರದು, ಇದು ಹೋಗುತ್ತದೆ. ಶ್ರವಣಬೆಳಗೊಳದ ವಿಂಧ್ಯಗಿರಿಯಲ್ಲಿ ಆರುನೂರಕ್ಕೂ ಹೆಚ್ಚು ಮೆಟ್ಟಿಲುಗಳ ಮೇಲೆ ವೃದ್ಧರನ್ನು, ಅಶಕ್ತರನ್ನು ಡೋಲಿಯಲ್ಲಿ ಹೊತ್ತೊಯ್ಯುವುದನ್ನು ಕಂಡವರಿಗೆ ಜೋಯೆಲೆಟ್‌ನ ಕಲ್ಪನೆ ಹೊಸತೆನಿಸದು. ಡೋಲಿ ಹೊರುವವರ ಹೆಗಲ ಮೇಲಿನ ಭಾರವನ್ನು ಚಕ್ರಕ್ಕೆ ವರ್ಗಾಯಿಸಿದ್ದಷ್ಟೇ ವ್ಯತ್ಯಾಸ. ಕಡಿದಾದ ಕಲ್ಲುಮೆಟ್ಟಿಲಿನ ಮೇಲೆ ಮಾತ್ರ ಡೋಲಿಯೇ ಇನ್ನೂ ಮೇಲು.

ಬೆಲೆಯ ಇನ್ನೊಂದು ತುದಿಯಲ್ಲಿರುವುದು ಟ್ರ್ಯಾಕ್ಟರಿನಂತೆ, ಯುದ್ಧದ ಟ್ಯಾಂಕಿನಂತೆ ರಬ್ಬರು ಪಟ್ಟಿಗಳ ಮೇಲೆ ಉರುಳುವ ವಿದ್ಯುತ್ ಕುರ್ಚಿ. ಕೆಸರು, ಹಿಮ, ಮರದ ಬೇರುಗಳನ್ನು ದಾಟಬಲ್ಲದು. ತೂಕ ನೂರು ಕಿಲೋ ಮೀರುತ್ತದೆ, ಬೆಲೆ ಹತ್ತು ಸಾವಿರ ಡಾಲರಿಗಿಂತ ಹೆಚ್ಚು. ಇದನ್ನು ಆಮದು ಮಾಡಿಕೊಂಡು ಇಲ್ಲಿ ಮಾರುವ ವಿಚಾರ ಸದ್ಯಕ್ಕೆ ವ್ಯಾಪಾರವೆನಿಸದು.

ಸನ್ನೆಗೋಲಿನ ಕುರ್ಚಿಯ ಪಾಠ

ಉದ್ಯಮಿಗಳು ವಿವರವಾಗಿ ಅಭ್ಯಸಿಸಬೇಕಾದ ವಿನ್ಯಾಸವೆಂದರೆ ಅಮೆರಿಕದ ಎಂಐಟಿ ಸಂಸ್ಥೆಯಲ್ಲಿ ಏಮಸ್ ವಿಂಟರ್ ಮತ್ತು ಅವರ ಸಂಗಡಿಗರು ರೂಪಿಸಿದ ‘ಲೆವರೇಜ್ಡ್ ಫ್ರೀಡಂ ಚೇರ್’. 2005 ರಲ್ಲಿ ಟಾಂಜಾನಿಯಾದಲ್ಲಿ ಗಾಲಿಕುರ್ಚಿಗಳ ಸ್ಥಿತಿಗತಿಯನ್ನು ಅಧ್ಯಯನ ಮಾಡಲು ಹೋದ ವಿಂಟರ್ ಅವರಿಗೆ ಕಂಡದ್ದು ಭಾರತದ ಹಳ್ಳಿಗಳಲ್ಲಿಯೂ ಕಾಣುವ ಚಿತ್ರವೇ: ಸಾಮಾನ್ಯ ಕುರ್ಚಿ ಮಣ್ಣಿನ ರಸ್ತೆಯಲ್ಲಿ ಸಾಗದು, ಕೈಯಿಂದ ತುಳಿಯುವ ಮೂರು ಗಾಲಿಯ ಬಂಡಿ ಮನೆಯೊಳಗೆ ಹೋಗದು. ಹೊಸ ಕುರ್ಚಿಗೆ ಅವರು ಹಾಕಿಕೊಂಡ ನಿಬಂಧನೆಗಳು ನಾಲ್ಕು. ಬೆಲೆ 200 ಡಾಲರಿನೊಳಗಿರಬೇಕು. ದಿನಕ್ಕೆ ಸುಮಾರು 5 ಕಿಲೋಮೀಟರ್ ದೂರವನ್ನು ಬಗೆಬಗೆಯ ನೆಲದ ಮೇಲೆ ಕ್ರಮಿಸುವಂತಿರಬೇಕು. ಮನೆಯೊಳಗೂ ಬಳಸಲು ಬರಬೇಕು. ಹಳ್ಳಿಯಲ್ಲಿ ಸಿಗುವ ಸಾಮಾನು ಮತ್ತು ಕುಶಲತೆಯಿಂದಲೇ ದುರಸ್ತಿಯಾಗಬೇಕು.

ಬೆಟ್ಟ ಹತ್ತುವ ಸೈಕಲ್ಲಿಗೆ ಗೇರುಗಳಿರುತ್ತವೆ. ಗೇರು ಬದಲಿಸುವ ಯಂತ್ರಾಂಗ ದುಬಾರಿ, ಹಳ್ಳಿಯಲ್ಲಿ ಸಿಗದು. ಆದ್ದರಿಂದ ಯಂತ್ರದಲ್ಲಿ ಗೇರನ್ನೇ ಇಡದೆ, ಆ ಕೆಲಸವನ್ನು ಬಳಸುವವರ ಕೈಗೆ ವಹಿಸಲಾಯಿತು. ಕುರ್ಚಿಯ ಎರಡೂ ಬದಿಗೆ ಎರಡು ಉದ್ದನೆಯ ಸನ್ನೆಗೋಲುಗಳಿವೆ. ಅವುಗಳನ್ನು ಮುಂದಕ್ಕೆ ತಳ್ಳಿದರೆ ಸೈಕಲ್ ಚೈನಿನ ಮೂಲಕ ಚಕ್ರ ತಿರುಗುತ್ತದೆ. ಹಿಂದಕ್ಕೆ ತರುವಾಗ ಸೈಕಲ್ಲಿನ ಫ್ರೀವ್ಹೀಲ್ ಸದ್ದು ಮಾಡುತ್ತ ಸುಮ್ಮನೆ ಸರಿಯುತ್ತದೆ. ಏರುದಾರಿಯಲ್ಲಿ ಸನ್ನೆಗೋಲಿನ ತುದಿಯನ್ನು ಹಿಡಿದರೆ ಬಲ ಹೆಚ್ಚುತ್ತದೆ, ವೇಗ ತಗ್ಗುತ್ತದೆ. ಸಮತಟ್ಟಾದ ರಸ್ತೆಯಲ್ಲಿ ಬುಡದ ಹತ್ತಿರ ಹಿಡಿದರೆ ವೇಗ ಸಿಗುತ್ತದೆ. ಅಚ್ಚಿನಿಂದ 20 ಸೆಂಟಿಮೀಟರ್ ದೂರದಲ್ಲಿ ಹಿಡಿದ ಕೈ 60 ಸೆಂಟಿಮೀಟರಿಗೆ ಸರಿದರೆ ಅದೇ ತಳ್ಳುವಿಕೆಯಿಂದ ಮೂರು ಪಟ್ಟು ತಿರುಗುಬಲ ದೊರೆಯುತ್ತದೆ. ಬಾವಿಯ ರಾಟೆ, ಗಾಣ, ಹಾರೆಗಳನ್ನು ಬಳಸಿದವರಿಗೆ ಇದನ್ನು ವಿವರಿಸುವ ಅಗತ್ಯವಿಲ್ಲ. ಸನ್ನೆಗೋಲನ್ನು ಪೂರ್ತಿ ಹಿಂದಕ್ಕೆಳೆದರೆ ಅದೇ ಬ್ರೇಕು. ಮನೆ ತಲುಪಿದ ಮೇಲೆ ಎರಡನ್ನೂ ಕಳಚಿ ಚೌಕಟ್ಟಿನಲ್ಲಿ ಸಿಕ್ಕಿಸಿದರೆ, ಉಳಿದದ್ದು ಕೈಯಿಂದ ಉರುಳಿಸುವ ಸಾಮಾನ್ಯ ಕುರ್ಚಿ.

ಮೊದಲ ಮಾದರಿಯನ್ನು ಪೂರ್ವ ಆಫ್ರಿಕಾದಲ್ಲಿ ಪರೀಕ್ಷೆಗೆ ಕೊಟ್ಟಾಗ ಬಂದ ಅಭಿಪ್ರಾಯ ಅಷ್ಟೇನೂ ಉತ್ಸಾಹದಾಯಕವಾಗಿರಲಿಲ್ಲ. ರಸ್ತೆಯ ಮೇಲೆ ಅದು ಚೆನ್ನಾಗಿತ್ತು, ಆದರೆ ಭಾರ ಹೆಚ್ಚು, ಅಗಲ ಹೆಚ್ಚು. ಮನೆಯ ಬಾಗಿಲಲ್ಲಿ ತೊಡಕು. ಪ್ರಯೋಗಾಲಯದಲ್ಲಿ ಸರಿಯೆನಿಸಿದ್ದು ಬಳಕೆದಾರರ ಮನೆಯಲ್ಲಿ ತಪ್ಪೆನಿಸಿತು. ವಿನ್ಯಾಸಕಾರರು ಮತ್ತೆ ಕುಳಿತು ಚೌಕಟ್ಟನ್ನು ಹಗುರಗೊಳಿಸಿದರು, ಕಿರಿದಾಗಿಸಿದರು. ನಂತರದ ಪರೀಕ್ಷೆ ಗ್ವಾಟೆಮಾಲಾದಲ್ಲಿ, ಅದರ ನಂತರದ್ದು ಭಾರತದಲ್ಲಿ. ಇಲ್ಲಿ ಅವರಿಗೆ ಜೊತೆಯಾದದ್ದು ‘ಜೈಪುರ ಕಾಲು’ ಖ್ಯಾತಿಯ, 1975 ರಲ್ಲಿ ಸ್ಥಾಪನೆಯಾದ ಭಗವಾನ್ ಮಹಾವೀರ ವಿಕಲಾಂಗ ಸಹಾಯತಾ ಸಮಿತಿ. ಹೀಗೆ ತಿದ್ದಿ ತೀಡಿದ ಕುರ್ಚಿ ಒರಟು ರಸ್ತೆಯಲ್ಲಿ ಸಾಮಾನ್ಯ ಕುರ್ಚಿಗಿಂತ ಶೇಕಡ 80 ರ ಸುಮಾರಿಗೆ ಹೆಚ್ಚು ವೇಗದಲ್ಲಿ, ಶೇಕಡ 40 ರಷ್ಟು ಹೆಚ್ಚು ದಕ್ಷತೆಯಿಂದ ಸಾಗಿತೆಂದು ತಂಡ ವರದಿ ಮಾಡಿದೆ. ಆಮೇಲೆ ಅದೇ ತಂತ್ರ ‘ಗ್ರಿಟ್’ ಎಂಬ ಕಂಪನಿಯ ಮೂಲಕ, ಬೇರೆ ಬೆಲೆಗೆ, ಅಮೆರಿಕದ ವಿಹಾರಪ್ರಿಯರ ಮಾರುಕಟ್ಟೆಯನ್ನು ಪ್ರವೇಶಿಸಿತು. ಬಡವರ ಹಳ್ಳಿಗೆಂದು ಮಾಡಿದ್ದು ಶ್ರೀಮಂತ ದೇಶದ ಕಾಡುದಾರಿಗೂ ಒಪ್ಪಿದ್ದು ಅಪರೂಪದ ಸಂಗತಿ. ಸಾಮಾನ್ಯವಾಗಿ ಸರಕು ಹರಿಯುವುದು ತದ್ವಿರುದ್ಧ ದಿಕ್ಕಿನಲ್ಲಿ.

ದೇಶೀಯ ಪ್ರಯತ್ನಗಳ ಪೈಕಿ ಹೆಚ್ಚು ಗಮನ ಸೆಳೆದದ್ದು ಮದ್ರಾಸ್ ಐಐಟಿಯದು. ಅಲ್ಲಿನ ಪ್ರಾಧ್ಯಾಪಕಿ ಸುಜಾತಾ ಶ್ರೀನಿವಾಸನ್ ಅವರ ನೇತೃತ್ವದ ಪುನರ್ವಸತಿ ಸಾಧನಗಳ ಕೇಂದ್ರ ಮತ್ತು ಅಲ್ಲಿಯೇ ಬೆಳೆದ ‘ನಿಯೋಮೋಷನ್’ ಎಂಬ ನವೋದ್ಯಮ 2021 ರಲ್ಲಿ ‘ನಿಯೋಬೋಲ್ಟ್’ ಅನ್ನು ಬಿಡುಗಡೆ ಮಾಡಿದವು. ಬಳಸುವವರ ಮೈ ಅಳತೆಗೆ ತಕ್ಕಂತೆ ಮಾಡಿಕೊಡುವ ಕುರ್ಚಿಯ ಮುಂಭಾಗಕ್ಕೆ ಲಿಥಿಯಂ ಬ್ಯಾಟರಿಯ ಮೋಟಾರು ಗಾಲಿಯೊಂದನ್ನು ಸಿಕ್ಕಿಸುವ ಏರ್ಪಾಟು ಇದು. ವೇಗ ಗಂಟೆಗೆ ಗರಿಷ್ಠ 25 ಕಿಲೋಮೀಟರ್; ಬಿಡುಗಡೆಯ ಸಂದರ್ಭದಲ್ಲಿ ಪ್ರಕಟಿಸಿದ ಬೆಲೆ 55,000 ರೂಪಾಯಿ. ಇದು ಮರಳಿನ ಕುರ್ಚಿಯಲ್ಲ, ಆದರೆ ಹೊಂಡ, ಉಬ್ಬು, ಮಣ್ಣುಗಳಿಂದ ಕೂಡಿದ ಬೀದಿಯಲ್ಲಿ ಓಡುತ್ತದೆ. ಮುಂದಿನ ಗಾಲಿ ದೊಡ್ಡದಾಗಬೇಕು ಎಂಬ ಹಳೆಯ ತತ್ವವೇ ಇಲ್ಲಿಯೂ ಇದೆ.

ಮಾರುವುದಲ್ಲ, ಬಾಡಿಗೆಗೆ ಕೊಡುವುದು

ಹೊರಾಂಗಣದ ಕುರ್ಚಿ ವರ್ಷದಲ್ಲಿ ಹತ್ತು ದಿನ ಬೇಕಾಗುವ ವಸ್ತು. ಅದನ್ನು ಪ್ರತಿ ಮನೆಯೂ ಕೊಳ್ಳಲಿ ಎಂದು ನಿರೀಕ್ಷಿಸುವುದು ವ್ಯಾವಹಾರಿಕವಲ್ಲ. ಅಮೆರಿಕದ ಕೊಲೊರಾಡೊ ರಾಜ್ಯದ ಸ್ಟಾಂಟನ್ ಉದ್ಯಾನದಲ್ಲಿ 2017 ರಿಂದ ರಬ್ಬರು ಪಟ್ಟಿಯ ಕುರ್ಚಿಗಳನ್ನು ಮುಂಗಡವಾಗಿ ಕಾದಿರಿಸಿದವರಿಗೆ ಉಚಿತವಾಗಿ ಕೊಡಲಾಗುತ್ತಿದೆ. ಜಾರ್ಜಿಯಾ ರಾಜ್ಯವು 2022 ರಲ್ಲಿ ಏಮಿ ಕೋಪ್‌ಲ್ಯಾಂಡ್ ಪ್ರತಿಷ್ಠಾನದೊಡಗೂಡಿ ತನ್ನ ಹಲವು ಉದ್ಯಾನಗಳಲ್ಲಿ ಇದನ್ನೇ ಆರಂಭಿಸಿತು. ಕೊಳ್ಳುವವರು ಅಲ್ಲಿ ಉದ್ಯಾನದ ಆಡಳಿತ ಅಥವಾ ದಾನಿಗಳು, ಬಳಸುವವರು ಸಾವಿರಾರು.

ಕರ್ನಾಟಕದಲ್ಲಿ ಇದಕ್ಕೆ ನೇರವಾಗಿ ಸಂಬಂಧಿಸಿದ ಸ್ಥಳಗಳಿವೆ. ಹೊನ್ನಾವರದ ಕಾಸರಕೋಡು ಮತ್ತು ಉಡುಪಿ ಜಿಲ್ಲೆಯ ಪಡುಬಿದ್ರಿ ಕಡಲತೀರಗಳಿಗೆ 2020 ರ ಅಕ್ಟೋಬರಿನಲ್ಲಿ ‘ಬ್ಲೂ ಫ್ಲ್ಯಾಗ್’ ಮಾನ್ಯತೆ ದೊರೆಯಿತು. ಆ ಮಾನ್ಯತೆಯ ಷರತ್ತುಗಳಲ್ಲಿ ಸ್ವಚ್ಛತೆ, ಸುರಕ್ಷತೆಗಳ ಜೊತೆಗೆ ವಿಕಲಚೇತನರಿಗೆ ಪ್ರವೇಶ ಮತ್ತು ಸೌಕರ್ಯವೂ ಸೇರಿದೆ. ಹಂಪಿಯಲ್ಲಿ ವಿಜಯ ವಿಠ್ಠಲ ದೇವಾಲಯದವರೆಗೆ ಬ್ಯಾಟರಿ ವಾಹನಗಳು ಓಡುತ್ತವೆ. ವಾಹನ ಇಳಿದ ಮೇಲಿನ ಕಲ್ಲುಹಾಸಿನ ಮೇಲೆ ಆಸ್ಪತ್ರೆಯ ಕುರ್ಚಿ ಗದಗದಿಸುತ್ತದೆ. ಹೋಂಸ್ಟೇ, ರೆಸಾರ್ಟ್, ಕಾಫಿ ತೋಟಗಳ ಮಾಲೀಕರು ಇಂತಹ ಒಂದೆರಡು ಕುರ್ಚಿಗಳನ್ನು ಇಟ್ಟುಕೊಂಡರೆ, ಅಜ್ಜಿಯನ್ನು ಮನೆಯಲ್ಲಿ ಬಿಟ್ಟು ಬರಲಾಗದೆ ಪ್ರವಾಸವನ್ನೇ ಕೈಬಿಡುವ ಇಡೀ ಕುಟುಂಬ ಅವರ ಗಿರಾಕಿಯಾಗುತ್ತದೆ. ಒಬ್ಬರ ಅನನುಕೂಲದಿಂದ ಐದಾರು ಜನರ ಕೊಠಡಿ ಬಾಡಿಗೆ ಕೈತಪ್ಪುತ್ತಿದೆ ಎಂಬ ಸಾದಾ ಲೆಕ್ಕವನ್ನು ಹಲವರು ಹಾಕಿ ನೋಡಿದಂತಿಲ್ಲ.

ದಾರಿಯನ್ನು ಬದಲಿಸುವುದೋ, ಕುರ್ಚಿಯನ್ನು ಬದಲಿಸುವುದೋ ಎಂಬ ಪ್ರಶ್ನೆಯೂ ಇದೆ. ಚೆನ್ನೈನ ಮರೀನಾ ಕಡಲತೀರದಲ್ಲಿ 2022 ರ ನವೆಂಬರ್ ಕೊನೆಯಲ್ಲಿ ಒಂದು ಕೋಟಿ ರೂಪಾಯಿಗೂ ಹೆಚ್ಚು ವೆಚ್ಚದ, ಸುಮಾರು 260 ಮೀಟರ್ ಉದ್ದದ ಮರದ ದಾರಿ ಉದ್ಘಾಟನೆಯಾಯಿತು. ಜೀವನದಲ್ಲಿ ಮೊದಲ ಬಾರಿಗೆ ಅಲೆಗಳ ಹತ್ತಿರ ಹೋದವರು ಆ ದಿನ ಅನೇಕರಿದ್ದರು. ಎರಡು ವಾರ ಕಳೆಯುವಷ್ಟರಲ್ಲಿ ಮ್ಯಾಂಡೌಸ್ ಚಂಡಮಾರುತ ಅದರ ಒಂದು ಭಾಗವನ್ನು ಹಾಳುಗೆಡವಿತು. ಅನಂತರ ದುರಸ್ತಿ ಮಾಡಿ ಮತ್ತೆ ತೆರೆಯಲಾಯಿತು. ಕುರ್ಚಿಯನ್ನಾದರೆ ಗಾಳಿಮಳೆಯ ಮುನ್ಸೂಚನೆ ಬಂದಾಗ ಗೋದಾಮಿನೊಳಗೆ ನೂಕಬಹುದು. ಇವೆರಡರ ನಡುವಿನ ಉಪಾಯ ಸುತ್ತಿಡಬಹುದಾದ ಚಾಪೆ. ವಿದೇಶಗಳಲ್ಲಿ ಪಾಲಿಯೆಸ್ಟರ್ ಚಾಪೆಗಳನ್ನು ಮರಳಿನ ಮೇಲೆ ಹಾಸುತ್ತಾರೆ. ತಿಪಟೂರು, ಅರಸೀಕೆರೆಯ ತೆಂಗಿನ ನಾರಿನ ಉದ್ಯಮಿಗಳು ದಪ್ಪ ಹೆಣಿಗೆಯ ನಾರಿನ ಚಾಪೆಯನ್ನು ಈ ಉದ್ದೇಶಕ್ಕೆ ಪರೀಕ್ಷಿಸಿ ನೋಡುವುದರಲ್ಲಿ ಕಳೆದುಕೊಳ್ಳುವುದೇನೂ ಇಲ್ಲ.

ತಯಾರಕರು ಎಚ್ಚರ ವಹಿಸಬೇಕಾದ ಕಡೆ

ಕೊಳವೆ ಬಗ್ಗಿಸುವ ಯಂತ್ರ, ಬೆಸುಗೆ, ಪೌಡರ್ ಕೋಟಿಂಗ್ ಇದ್ದರೆ ಗಾಲಿಕುರ್ಚಿಯ ಚೌಕಟ್ಟು ಸಿದ್ಧವಾಗುತ್ತದೆ. ಪೀಣ್ಯ, ಹುಬ್ಬಳ್ಳಿ, ಬೆಳಗಾವಿಯ ಎಷ್ಟೋ ಘಟಕಗಳಲ್ಲಿ ಇವೆಲ್ಲ ಇವೆ. ಆದರೆ ಕೆಡುವುದು ಚೌಕಟ್ಟಿನ ಅಂದದಲ್ಲಲ್ಲ, ಮೂರು ಕಾಣದ ಜಾಗಗಳಲ್ಲಿ.

ಮೊದಲನೆಯದು ಮಗುಚುವಿಕೆ. ಕುಳಿತವರ ಭಾರಕೇಂದ್ರ ಹಿಂದಿನ ಅಚ್ಚಿನಿಂದ 12 ಸೆಂಟಿಮೀಟರ್ ಮುಂದೆ, ನೆಲದಿಂದ 60 ಸೆಂಟಿಮೀಟರ್ ಎತ್ತರದಲ್ಲಿದ್ದರೆ, ಸುಮಾರು 11 ಡಿಗ್ರಿಯ ಏರಿನಲ್ಲಿ ಕುರ್ಚಿ ಹಿಂದಕ್ಕೆ ಮಗುಚುತ್ತದೆ. ಅಚ್ಚನ್ನು ಹಿಂದಕ್ಕೆ ಸರಿಸಿ ಆ ಅಂತರವನ್ನು 20 ಸೆಂಟಿಮೀಟರ್ ಮಾಡಿದರೆ 18 ಡಿಗ್ರಿಯವರೆಗೆ ನಿಲ್ಲುತ್ತದೆ. ಕಟ್ಟಡಗಳಲ್ಲಿ ಶಿಫಾರಸು ಮಾಡುವ 12 ಕ್ಕೆ 1 ರ ಇಳಿಜಾರು ಐದು ಡಿಗ್ರಿಗೂ ಕಡಿಮೆ. ಹೊಲದ ಬದುವಿಗೆ ಅಂತಹ ಶಿಸ್ತಿಲ್ಲ. ಅಚ್ಚು ಹಿಂದೆ ಹೋದಷ್ಟೂ ಕುರ್ಚಿ ಉದ್ದವಾಗುತ್ತದೆ, ತಿರುಗಿಸುವುದು ಕಷ್ಟವಾಗುತ್ತದೆ, ಕೈಗೆ ಚಕ್ರ ಎಟುಕದಾಗುತ್ತದೆ. ಮೂರು ಗಾಲಿಯ ಕುರ್ಚಿಗೆ ಇನ್ನೊಂದು ಸ್ವಭಾವವಿದೆ: ಇಳಿಜಾರಿನಲ್ಲಿ ಬ್ರೇಕು ಹಾಕುತ್ತ ಹೊರಳಿದರೆ ಅದು ಮುಂದಕ್ಕೂ ಅಲ್ಲ, ಪಕ್ಕಕ್ಕೂ ಅಲ್ಲ, ಮೂಲೆಯ ಕಡೆಗೆ ಉರುಳುತ್ತದೆ. ಹಿಂದೆ ಮಗುಚದಂತೆ ತಡೆಯುವ ಪುಟ್ಟ ಗಾಲಿಗಳು, ಸೊಂಟದ ಪಟ್ಟಿ, ಪಾದದ ಪಟ್ಟಿ ಇಲ್ಲದೆ ಹೊರಾಂಗಣದ ಕುರ್ಚಿಯನ್ನು ಮಾರುವುದು ಹೊಣೆಗೇಡಿತನ.

ಎರಡನೆಯದು ಆಸನ. ಬೆನ್ನುಹುರಿಗೆ ಪೆಟ್ಟಾದವರಿಗೆ ಸೊಂಟದ ಕೆಳಗೆ ನೋವಿನ ಅರಿವೇ ಇರದಿರಬಹುದು. ಕಲ್ಲುದಾರಿಯ ಕುಲುಕಾಟದಲ್ಲಿ ಗಟ್ಟಿ ರೆಕ್ಸಿನ್ ಆಸನದ ಮೇಲೆ ಕುಳಿತವರ ಚರ್ಮ ಉಜ್ಜಿ, ಒತ್ತಿ, ಹುಣ್ಣಾಗುತ್ತದೆ. ಅವರಿಗೆ ಗೊತ್ತಾಗುವಷ್ಟರಲ್ಲಿ ಅದು ಆಳಕ್ಕಿಳಿದಿರುತ್ತದೆ. ಇಂತಹ ಹುಣ್ಣು ತಿಂಗಳುಗಟ್ಟಲೆ ಮಲಗಿಸುತ್ತದೆ, ಸೋಂಕು ರಕ್ತಕ್ಕೇರಿದರೆ ಪ್ರಾಣವನ್ನೂ ತೆಗೆಯುತ್ತದೆ. ಒಂದು ದಿನದ ಸಂತೋಷದ ಪ್ರವಾಸಕ್ಕೆ ತೆರುವ ಬೆಲೆ ಅದಾಗಬಾರದು. ಒತ್ತಡ ಹಂಚುವ ಮೆತ್ತೆಯನ್ನು ‘ಬೇಕಾದರೆ ಕೊಳ್ಳಿ’ ಎಂಬ ಪಟ್ಟಿಗೆ ಸೇರಿಸದೆ ಕುರ್ಚಿಯ ಅಂಗವೆಂದೇ ಎಣಿಸುವ ತಯಾರಕನಿಗೆ ವೈದ್ಯರ ಶಿಫಾರಸು ತಾನಾಗಿ ಬರುತ್ತದೆ.

ಮೂರನೆಯದು ಬಿಡಿಭಾಗ. ಬೇರಿಂಗು, ಟೈರು, ಟ್ಯೂಬು, ಚೈನು, ಕಡ್ಡಿ ಇವೆಲ್ಲ ಊರಿನ ಸೈಕಲ್ ಅಂಗಡಿಯಲ್ಲಿ ಸಿಗುವ ಅಳತೆಯವೇ ಆಗಿರಬೇಕು. ತನ್ನದೇ ಅಳತೆಯ ಗಾಲಿಯನ್ನು ರೂಪಿಸಿ ಗಿರಾಕಿಯನ್ನು ಕಟ್ಟಿಹಾಕುವ ಜಾಣತನ ಈ ವ್ಯಾಪಾರದಲ್ಲಿ ನಡೆಯದು. ಗಾಲಿ ಮುರಿದ ದಿನದಿಂದ ಕುರ್ಚಿ ಮನೆಯ ಮೂಲೆ ಸೇರುತ್ತದೆ, ಅದರ ಜೊತೆಗೆ ಮನುಷ್ಯನೂ. ದಾನದ ಶಿಬಿರಗಳಲ್ಲಿ ಒಂದೇ ಅಳತೆಯಲ್ಲಿ ಹಂಚಿದ ಕುರ್ಚಿಗಳ ಗತಿ ಅನೇಕ ಕಡೆ ಇದೇ ಆಗಿದೆ.

ಬಲ ಮತ್ತು ಬಾಳಿಕೆಯ ಪರೀಕ್ಷೆಗೆ ಐಎಸ್‌ಒ 7176 ಎಂಬ ಸರಣಿ ಮಾನಕಗಳಿವೆ. ಅವುಗಳಲ್ಲಿ ಸ್ಥಿರತೆಗೊಂದು, ಬಲಕ್ಕೊಂದು, ಬ್ರೇಕಿಗೊಂದು ಹೀಗೆ ಪ್ರತ್ಯೇಕ ಭಾಗಗಳು. ಬಾಳಿಕೆಯ ಪರೀಕ್ಷೆಯಲ್ಲಿ ಕುರ್ಚಿಯನ್ನು ಉಬ್ಬುಗಳಿರುವ ಎರಡು ಉರುಳೆಗಳ ಮೇಲೆ 2 ಲಕ್ಷ ಸುತ್ತು ಓಡಿಸಿ, ಆಮೇಲೆ 6,666 ಬಾರಿ 5 ಸೆಂಟಿಮೀಟರ್ ಎತ್ತರದಿಂದ ಕೆಡವುತ್ತಾರೆ. ಇದು ಸಾಮಾನ್ಯ ಕುರ್ಚಿಗೆ ವಿಧಿಸಿದ ಕನಿಷ್ಠ ಪರೀಕ್ಷೆ. ಹೊರಾಂಗಣದ ಕುರ್ಚಿ ಇದಕ್ಕಿಂತ ಹೆಚ್ಚನ್ನು ತಾಳಬೇಕಾಗುತ್ತದೆ.

ಕಾನೂನು ಮತ್ತು ತೆರಿಗೆ

2017 ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ 2016 ರ ವಿಕಲಚೇತನರ ಹಕ್ಕುಗಳ ಅಧಿನಿಯಮವು ಸಂಸ್ಕೃತಿ ಮತ್ತು ಮನರಂಜನೆ ಕುರಿತ 29 ನೇ ಪ್ರಕರಣದಲ್ಲಿ ಹೊರಾಂಗಣ ಶಿಬಿರಗಳು ಹಾಗೂ ಸಾಹಸ ಚಟುವಟಿಕೆಗಳಲ್ಲಿ ಪಾಲ್ಗೊಳ್ಳಲು ಅನುಕೂಲ ಕಲ್ಪಿಸುವುದನ್ನೂ ಹೆಸರಿಸಿದೆ. ಎಲ್ಲರೂ ಬಳಸಬಹುದಾದ ಗ್ರಾಹಕ ವಸ್ತುಗಳ ಅಭಿವೃದ್ಧಿ, ಉತ್ಪಾದನೆ, ವಿತರಣೆಗೆ ಸರ್ಕಾರ ಉತ್ತೇಜನ ನೀಡಬೇಕೆನ್ನುವ 43 ನೇ ಪ್ರಕರಣ ಉದ್ಯಮಿಗಳಿಗೆ ನೇರವಾಗಿ ಸಂಬಂಧಿಸಿದ್ದು. ಸಾಧನ ಸಲಕರಣೆಗಳಿಗೆ ನೆರವು ನೀಡುವ ಕೇಂದ್ರದ ‘ಅಡಿಪ್’ ಯೋಜನೆ 1981 ರಿಂದ ಇದೆ. ಅದರಡಿ ಬಹುಪಾಲು ಪೂರೈಕೆ ಕಾನ್ಪುರದ ಸಾರ್ವಜನಿಕ ಉದ್ದಿಮೆ ‘ಅಲಿಮ್ಕೊ’ದಿಂದ ನಡೆಯುತ್ತದೆ. ಅದರ ಉಪ ಉತ್ಪಾದನಾ ಕೇಂದ್ರವೊಂದು ಬೆಂಗಳೂರಿನಲ್ಲಿಯೂ ಇದೆ. ಬಿಡಿಭಾಗಗಳನ್ನು ತಯಾರಿಸುವವರು ಸಂಪರ್ಕಿಸಬೇಕಾದ ಬಾಗಿಲುಗಳಲ್ಲಿ ಅದೂ ಒಂದು. ಒರಟು ನೆಲದ ಮೂರು ಗಾಲಿಯ ಕುರ್ಚಿಗಳ ಬಗ್ಗೆ ಬ್ರಿಟನ್ನಿನ ‘ಮೋಟಿವೇಷನ್’ ಸಂಸ್ಥೆಯ ವಿನ್ಯಾಸಗಳನ್ನೂ, ಕುರ್ಚಿ ಹೊಂದಿಸುವ ತರಬೇತಿಯ ಬಗ್ಗೆ 1994 ರಿಂದ ಬೆಂಗಳೂರಿನಲ್ಲಿರುವ ‘ಮೊಬಿಲಿಟಿ ಇಂಡಿಯಾ’ದ ಅನುಭವವನ್ನೂ ಗಮನಿಸಬಹುದು.

ತೆರಿಗೆಯ ಮಟ್ಟಿಗೆ, ಮೋಟಾರಿರಲಿ ಇಲ್ಲದಿರಲಿ, ವಿಕಲಚೇತನರ ಗಾಲಿಕುರ್ಚಿ ಎಚ್‌ಎಸ್‌ಎನ್ 8713 ರಡಿ ಶೇಕಡ 5 ರ ಜಿಎಸ್‌ಟಿ ದರಕ್ಕೆ ಸೇರಿದೆ. ಉಕ್ಕಿನ ಕೊಳವೆಗೆ ತೆತ್ತ ತೆರಿಗೆ ಶೇಕಡ 18. ಕೊಂಡ ತೆರಿಗೆ ಹೆಚ್ಚು, ಮಾರಿದ ತೆರಿಗೆ ಕಡಿಮೆ ಎಂಬ ಈ ತಲೆಕೆಳಗಾದ ಸ್ಥಿತಿಯಲ್ಲಿ ಉಳಿಯುವ ಜಮೆಯನ್ನು ಮರುಪಾವತಿ ಪಡೆಯಲು ಕೇಂದ್ರ ಜಿಎಸ್‌ಟಿ ಅಧಿನಿಯಮದ 54(3) ಪ್ರಕರಣದಲ್ಲಿ ಅವಕಾಶವಿದೆ. ಅರ್ಜಿ ಹಾಕದೆ ಬಿಟ್ಟರೆ ಆ ಹಣ ಸಣ್ಣ ಘಟಕದ ದುಡಿಯುವ ಬಂಡವಾಳವನ್ನು ಸದ್ದಿಲ್ಲದೆ ಕಟ್ಟಿಹಾಕುತ್ತದೆ. ಜೊತೆಗೆ 2020 ರ ಏಪ್ರಿಲ್ 1 ರಿಂದ ಎಲ್ಲ ವೈದ್ಯಕೀಯ ಸಾಧನಗಳೂ ಔಷಧ ನಿಯಂತ್ರಣದ ವ್ಯಾಪ್ತಿಗೆ ಬಂದಿರುವುದರಿಂದ, ತಮ್ಮ ಕುರ್ಚಿ ಯಾವ ವರ್ಗಕ್ಕೆ ಸೇರುತ್ತದೆ, ನೋಂದಣಿ ಹೇಗೆ ಎಂಬುದನ್ನು ಉತ್ಪಾದನೆಗೆ ಮೊದಲೇ ಖಚಿತಪಡಿಸಿಕೊಳ್ಳಬೇಕು.

ಇನ್ನು ಮಾರಾಟಗಾರರ ಮಾತು. ವಿಶ್ವ ಆರೋಗ್ಯ ಸಂಸ್ಥೆಯು ಗಾಲಿಕುರ್ಚಿ ಒದಗಿಸುವ ಬಗ್ಗೆ 2008 ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಲ್ಲಿ ಎಂಟು ಹಂತಗಳಿವೆ. ಅವುಗಳಲ್ಲಿ ಹಣದ ವ್ಯವಹಾರ ಒಂದೇ ಹಂತ; ಉಳಿದವು ಮೈಯಳತೆ, ಅಗತ್ಯದ ಪರಿಶೀಲನೆ, ಹೊಂದಾಣಿಕೆ, ಬಳಕೆಯ ತರಬೇತಿ, ಆಮೇಲಿನ ದುರಸ್ತಿಯಂಥವು. ಸೊಂಟದ ಅಗಲ, ತೊಡೆಯ ಉದ್ದ, ಮೊಣಕಾಲಿನಿಂದ ಪಾದದವರೆಗಿನ ಅಂತರ, ಈ ಮೂರನ್ನು ಟೇಪು ಹಿಡಿದು ಅಳೆಯದೆ ಕುರ್ಚಿ ಮಾರುವ ಅಂಗಡಿ, ಪಾದದ ಅಳತೆ ಕೇಳದೆ ಚಪ್ಪಲಿ ಮಾರಿದಂತೆಯೇ.

ಕಡಲತೀರದಲ್ಲಿ ಬಾಡಿಗೆಗೆ ಇಡುವವರು ಒಂದು ಖರ್ಚನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಉಪ್ಪುನೀರು ಮತ್ತು ಮರಳು ಸೇರಿ ಸಾಧಾರಣ ಬೇರಿಂಗನ್ನು ಬಹುಬೇಗ ತಿಂದುಹಾಕುತ್ತವೆ. ಮುಚ್ಚಿದ ಬೇರಿಂಗು ಅಥವಾ ಗಟ್ಟಿ ಪ್ಲಾಸ್ಟಿಕ್ಕಿನ ಬುಷ್, ಸ್ಟೇನ್‌ಲೆಸ್ ಬೋಲ್ಟುಗಳಿರುವ ಕುರ್ಚಿಗೆ ಆರಂಭದಲ್ಲಿ ಹೆಚ್ಚು ಕೊಡಬೇಕಾಗುತ್ತದೆ. ಪ್ರತಿ ಸಂಜೆ ಸಿಹಿನೀರಿನಲ್ಲಿ ತೊಳೆದು, ನೆರಳಿನಲ್ಲಿ ಒಣಗಿಸಿ, ಟೈರಿನ ಗಾಳಿಯನ್ನು ಕಡಿಮೆ ಒತ್ತಡದ ಮಾಪಕದಿಂದ ನೋಡಬೇಕು. ಪೆಟ್ರೋಲ್ ಬಂಕಿನ ಮಾಪಕ 3 ಪಿಎಸ್‌ಐಯನ್ನು ಸರಿಯಾಗಿ ತೋರಿಸುವುದಿಲ್ಲ, ಅಲ್ಲಿನ ಕಂಪ್ರೆಸರಿನಿಂದ ಗಾಳಿ ಹಿಡಿದರೆ ಬಲೂನು ಟೈರು ಒಡೆಯುವ ಸಂಭವವೂ ಉಂಟು. ಕೈಪಂಪು ಸಾಕು.